ಹತ್ತಿದ್ದ ತಾಲ್ಲೂಕು ಏಳಾಗಿ, ಹನ್ನೊಂದಾಗಿ

ನಾನು ವೆಬ್ ಪುಟ ಕಟ್ಟುವ ಕೆಲಸಕ್ಕೆ ಇಳಿದಾಗ ಗುಲ್ಬರ್ಗಾ ಜಿಲ್ಲೆಗೆ ಹತ್ತು ತಾಲ್ಲೂಕುಗಳಿದ್ದವು. ಅಫಜಲಪುರ, ಆಳಂದ, ಗುಲ್ಬರ್ಗಾ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಯಾದಗಿರಿ, ಶಹಾಪುರ, ಸುರಪುರ, ಸೇಡಂ. ಈ ಹೆಸರುಗಳನ್ನು ಎಷ್ಟು ಪುಟಗಳಲ್ಲಿ ಟೈಪ್ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಕಾಲೇಜಿನ ಪ್ರವೇಶ ಅರ್ಜಿ, ಸಹಕಾರ ಸಂಘದ ಸದಸ್ಯತ್ವ, ಹಾಸ್ಟೆಲಿನ ಅರ್ಜಿ, ಕ್ರೀಡಾಕೂಟದ ನೋಂದಣಿ, ಯಾವುದನ್ನೇ ತೆರೆದರೂ ‘ತಾಲ್ಲೂಕು ಆಯ್ಕೆ ಮಾಡಿ’ ಎಂಬ ಪೆಟ್ಟಿಗೆ ಒಂದು ಇದ್ದೇ ಇರುತ್ತಿತ್ತು. ಒತ್ತಿದರೆ ಹತ್ತು ಹೆಸರು ಕೆಳಗಿಳಿಯುತ್ತಿದ್ದವು.

ನನ್ನೂರು ಚಿಂಚೋಳಿ. ಕೆಲಸ ಕಲಿತದ್ದು ಗುಲ್ಬರ್ಗಾದ ಸೂಪರ್ ಮಾರ್ಕೆಟ್ ಬಳಿಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ. ಅಲ್ಲಿ ಲೆಟರ್‌ಹೆಡ್ ಛಾಪಿಸುತ್ತಿದ್ದರು, ಪರೀಕ್ಷೆಯ ಅರ್ಜಿ ತುಂಬಿಕೊಡುತ್ತಿದ್ದರು, ಯಾರಾದರೂ ಕೇಳಿದರೆ ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದರು. ನೋಟ್‌ಪ್ಯಾಡ್ ತೆರೆದು ಎಚ್‌ಟಿಎಂಎಲ್ ಬರೆಯುವುದು, ಹಳೆಯ ಪುಟವನ್ನು ಕಾಪಿ ಮಾಡಿ ಹೊಸ ಪುಟ ಎಬ್ಬಿಸುವುದು, ಎಫ್‌ಟಿಪಿಯಲ್ಲಿ ಮೇಲೇರಿಸುವುದು. ಅಂದು ಎಲ್ಲ ಕಡೆ ಕೆಲಸ ಸಾಗುತ್ತಿದ್ದದ್ದೇ ಹಾಗೆ.

2010ರ ಹೊತ್ತಿಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಶಹಾಪುರ, ಸುರಪುರ ಅದರ ಜೊತೆ ಹೋದವು. ಹತ್ತು ಏಳಾಯಿತು. ಮೂರು ಹೆಸರು ಅಳಿಸುವುದು ಏನು ಮಹಾ ಕೆಲಸ ಅನ್ನಿಸಬಹುದು. ಆದರೆ ಆ ಪಟ್ಟಿ ಇದ್ದದ್ದು ಒಂದು ಕಡೆಯಲ್ಲ. ಒಂದು ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಸುರಪುರ ಮಾಯವಾಗಿತ್ತು, ಅದೇ ಕಾಲೇಜಿನ ಹಾಸ್ಟೆಲ್ ಅರ್ಜಿಯಲ್ಲಿ ಹಾಗೇ ಕುಳಿತಿತ್ತು. ಸುರಪುರದ ಹುಡುಗನೊಬ್ಬ ಒಂದರಲ್ಲಿ ಯಾದಗಿರಿ ಜಿಲ್ಲೆಯವನು, ಇನ್ನೊಂದರಲ್ಲಿ ಗುಲ್ಬರ್ಗಾ ಜಿಲ್ಲೆಯವನು. ಎರಡೂ ಕಾಗದ ಹಿಡಿದು ಗುಮಾಸ್ತರ ಟೇಬಲ್ ಮುಂದೆ ನಿಂತ ಹುಡುಗನಿಗೆ ತನ್ನದೇನು ತಪ್ಪು ಎಂದು ತಿಳಿಯುವುದಾದರೂ ಹೇಗೆ?

ಅಂಗಡಿಯಲ್ಲಿ ನಮಗಿಂತ ಹಿರಿಯರೊಬ್ಬರಿದ್ದರು, ಎಲ್ಲರೂ ಅಣ್ಣಾ ಎಂದೇ ಕರೆಯುತ್ತಿದ್ದೆವು. ಅವರು ಹೇಳಿದ ಮಾತು ಇದು: “ತಮ್ಮಾ, ಆ ಪಟ್ಟಿ ಒಂದ ಫೈಲ್‌ನಾಗ ಇಡು. ಎಲ್ಲಾ ಪುಟ ಅದನ್ನೇ ಕರೀಲಿ. ನಾಳೆ ಮತ್ತೊಂದು ತಾಲ್ಲೂಕು ಹುಟ್ತದ, ಆವಾಗೇನ್ ಮಾಡ್ತಿ?” ಪಿಎಚ್‌ಪಿಯಲ್ಲಿ ಇನ್‌ಕ್ಲೂಡ್ ಎಂಬ ಒಂದೇ ಸಾಲಿನಿಂದ ಆ ಕೆಲಸ ಆಯಿತು. ಆಮೇಲಿನ ವರ್ಷಗಳಲ್ಲಿ ಅದು ನಮ್ಮನ್ನು ಕಾಪಾಡಿತು. ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ ಮೇಲೆ ಅರ್ಜಿಗಳಿಗೆಲ್ಲ ಹೊಸ ಕಲಂ ಸೇರಿತು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದಾಗಲೆಲ್ಲ ಒಂದು ಫೈಲ್ ತಿದ್ದಿದರೆ ಸಾಕಾಗುತ್ತಿತ್ತು.

ಅಣ್ಣಾ ಹೇಳಿದಂತೆ ತಾಲ್ಲೂಕುಗಳೂ ಹುಟ್ಟಿದವು. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್ ಬಂದವು. ಏಳು ಹನ್ನೊಂದಾಯಿತು. ಇನ್‌ಕ್ಲೂಡ್ ಸಾಲದಾದದ್ದು ಆಗಲೇ. ಈ ಸಲ ಎಲ್ಲರಿಗೂ ಬೇಕಾದ ಪಟ್ಟಿ ಒಂದೇ ಆಗಿರಲಿಲ್ಲ. ಕಾಲೇಜಿಗೆ ಕಲ್ಯಾಣ ಕರ್ನಾಟಕದ ಎಲ್ಲ ಜಿಲ್ಲೆಗಳು ಬೇಕು, ಜಿಲ್ಲೆ ಆರಿಸಿದ ಮೇಲೆ ಅದರ ತಾಲ್ಲೂಕುಗಳು ಬರಬೇಕು. ಸಹಕಾರ ಸಂಘದ ವ್ಯಾಪ್ತಿಯಲ್ಲಿದ್ದದ್ದು ಸೇಡಂ, ಚಿಂಚೋಳಿ, ಕಾಳಗಿ, ಚಿತ್ತಾಪುರ ಮಾತ್ರ. ಶಹಾಬಾದಿನವರ ಹಳೆಯ ದಾಖಲೆಗಳಲ್ಲೆಲ್ಲ ಚಿತ್ತಾಪುರ ತಾಲ್ಲೂಕು ಎಂದಿರುವುದರಿಂದ ಆ ಹೆಸರಿನ ಪಕ್ಕ ‘ಹಿಂದಿನ ಚಿತ್ತಾಪುರ ತಾಲ್ಲೂಕು’ ಎಂದು ತೋರಿಸಬೇಕು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಪೆಟ್ಟಿಗೆ ಒಂದೇ, ನಡೆದುಕೊಳ್ಳುವ ರೀತಿಯೂ ಒಂದೇ, ಆದರೆ ಪ್ರತಿ ಪುಟಕ್ಕೂ ಒಂದೆರಡು ವಿಷಯದಲ್ಲಿ ಬೇರೆ.

ನಮ್ಮ ಕಸುಬಿನಲ್ಲಿ ಕಸ್ಟಮೈಸ್ ಮಾಡಬಹುದಾದ ಕಾಂಪೊನೆಂಟ್ ಎನ್ನುವುದು ಇದಕ್ಕೇ. ಪುಟದ ಒಂದು ತುಂಡನ್ನು ಒಮ್ಮೆ ಕಟ್ಟಿಡುವುದು. ಬಳಸುವವರು ಹೊರಗಿನಿಂದ ಜಿಲ್ಲೆ ಯಾವುದು, ಭಾಷೆ ಯಾವುದು ಎಂದು ಹೇಳಿದರೆ ಅದು ತಕ್ಕ ಹಾಗೆ ಮೂಡುವುದು. ಅಂಥದ್ದು ಯಾವಾಗ ಬೇಕು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಆ ವರ್ಷ. ಒಂದೇ ನಡವಳಿಕೆಯ ವಸ್ತು ಹಲವು ಕಡೆ ಬರುತ್ತಿರಬೇಕು, ಅದರ ಒಳಗಿನ ಸಂಗತಿ ನಮ್ಮ ಕೈಮೀರಿ ಬದಲಾಗುತ್ತಿರಬೇಕು, ಒಂದೊಂದು ಕಡೆಗಿರುವ ವ್ಯತ್ಯಾಸವನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುವಂತಿರಬೇಕು. ಮೂರೂ ಕೂಡಿದರೆ ಕಾಂಪೊನೆಂಟ್ ಕಟ್ಟಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಎರಡು ಸಲ ಯೋಚಿಸಿ.

ಅಷ್ಟು ಹೊತ್ತಿಗೆ ಇಂಥವನ್ನು ಕಟ್ಟಲು ದಾರಿಗಳು ಹಲವಿದ್ದವು. ಫೇಸ್‌ಬುಕ್‌ನವರು 2013ರಲ್ಲಿ ರಿಯಾಕ್ಟ್ ಹೊರಗೆ ಬಿಟ್ಟಿದ್ದರು, ಬೆಂಗಳೂರಿನ ಗೆಳೆಯರೆಲ್ಲ ಅದರಲ್ಲೇ ಮುಳುಗಿದ್ದರು. ಇನ್ನೊಂದು ಕಡೆ ಬ್ರೌಸರಿನೊಳಗೇ ಇರುವ ವೆಬ್ ಕಾಂಪೊನೆಂಟ್ ಎಂಬ ಏರ್ಪಾಡು. 2011ರಲ್ಲಿ ಗೂಗಲ್‌ನ ಅಲೆಕ್ಸ್ ರಸೆಲ್ ಇದರ ಮಾತೆತ್ತಿದರು. ಎಲ್ಲ ಬ್ರೌಸರುಗಳೂ ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು: ಫೈರ್‌ಫಾಕ್ಸ್ 2018ರ ಅಕ್ಟೋಬರಿನಲ್ಲಿ ಬಂದು ಸೇರಿತು, ಮೈಕ್ರೋಸಾಫ್ಟಿನ ಎಡ್ಜ್ 2020ರ ಜನವರಿಯಲ್ಲಿ. ನಾನು ಎರಡನೆಯ ದಾರಿ ಹಿಡಿದೆ. ಚಿಂಚೋಳಿಯ ಕಾಡಂಚಿನಲ್ಲಿ, ಕುಂಚಾವರಂ ಗುಡ್ಡದ ಕಡೆ, ಮೊಬೈಲಿನಲ್ಲಿ ಸಿಗ್ನಲ್ಲಿನ ಕಡ್ಡಿ ಒಂದಿದ್ದರೆ ದೊಡ್ಡದು. ಅಲ್ಲಿನ ಹುಡುಗಿ ಅರ್ಜಿ ತುಂಬಲು ಕೂತಾಗ ಪಟ್ಟಿ ತೋರಿಸುವುದಕ್ಕಾಗಿ ಒಂದು ಇಡೀ ಫ್ರೇಮ್‌ವರ್ಕ್ ಇಳಿಸಿಕೊಳ್ಳಬೇಕಾಗಿ ಬರಬಾರದು. ಬ್ರೌಸರಿನಲ್ಲಿ ಮೊದಲೇ ಇರುವುದನ್ನು ಬಳಸಿದರೆ ಇಳಿಯಬೇಕಾದದ್ದು ನಮ್ಮ ಕೆಲವು ಸಾಲು ಮಾತ್ರ.

ವೆಬ್ ಕಾಂಪೊನೆಂಟಿನಲ್ಲಿ ನಮ್ಮದೇ ಹೊಸ ಟ್ಯಾಗ್ ಹುಟ್ಟಿಸಬಹುದು. ಅದರ ಹೆಸರಿಗೆ ನಿಯಮವಿದೆ: ಮೊದಲ ಅಕ್ಷರ ಇಂಗ್ಲಿಷಿನ ಸಣ್ಣಕ್ಷರವಾಗಿರಬೇಕು, ನಡುವೆ ಅಡ್ಡಗೆರೆ ಇರಲೇಬೇಕು. ಆಮೇಲಿನ ಅಕ್ಷರಗಳು ಕನ್ನಡದವಾಗಿರಬಹುದು. ನಾನು ‘ತಾಲ್ಲೂಕು’ ಎಂದು ಕನ್ನಡದಲ್ಲೇ ಬರೆದು, ಮುಂದೆ ಒಂದು ಇಂಗ್ಲಿಷ್ ಅಕ್ಷರ ಮತ್ತು ಅಡ್ಡಗೆರೆ ಸೇರಿಸಿದೆ. ಕೋಡಿನ ನಡುವೆ ಆ ಪದ ಕಂಡಾಗ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಪೆಟ್ಟಿಗೆ ಚೆಂದವಾಗಿ ಮೂಡಿತು. ಜಿಲ್ಲೆ ಒತ್ತಿದರೆ ತಾಲ್ಲೂಕು ಬರುತ್ತಿತ್ತು. ಆದರೆ ಅರ್ಜಿ ಸಲ್ಲಿಸಿದ ಮೇಲೆ ನೋಡಿದರೆ ಹೆಸರು ಬಂದಿದೆ, ಜನ್ಮದಿನಾಂಕ ಬಂದಿದೆ, ತಾಲ್ಲೂಕಿನ ಜಾಗ ಖಾಲಿ. ಇದರ ಕಾರಣ ತಿಳಿದುಕೊಳ್ಳುವುದು ಈ ಕೆಲಸ ಮಾಡುವ ಎಲ್ಲರಿಗೂ ಅಗತ್ಯ. ವೆಬ್ ಕಾಂಪೊನೆಂಟಿನ ಒಳಭಾಗವನ್ನು ಶ್ಯಾಡೋ ಡಾಮ್ ಎಂಬ ಗೋಡೆಯೊಳಗೆ ಇಟ್ಟಾಗ ಹೊರಗಿನ ಫಾರ್ಮಿಗೆ ಒಳಗಿನ ಪೆಟ್ಟಿಗೆ ಕಾಣುವುದೇ ಇಲ್ಲ. ಒಳಗೆ ಏನು ಆರಿಸಿದರೂ ಫಾರ್ಮ್ ಅದನ್ನು ಹೊತ್ತೊಯ್ಯುವುದಿಲ್ಲ. ಇದಕ್ಕೆ ಎಲಿಮೆಂಟ್ ಇಂಟರ್ನಲ್ಸ್ ಎಂಬ ಪರಿಹಾರ ಕ್ರೋಮಿನಲ್ಲಿ 2019ರಲ್ಲಿ ಬಂತು, ಆದರೆ ಸಫಾರಿಗೆ ಬರಲು 2023 ಆಗಬೇಕಾಯಿತು. ನಾವು ಕಾಯುವ ಹಾಗಿರಲಿಲ್ಲ. ಗೋಡೆ ತೆಗೆದೆವು. ಮಾಮೂಲಿ ಸೆಲೆಕ್ಟ್ ಪೆಟ್ಟಿಗೆಯನ್ನೇ, ತಾಲ್ಲೂಕುಗಳ ಹೆಸರು ಸಮೇತ, ಪುಟದಲ್ಲಿ ಬಯಲಿಗೇ ಇಟ್ಟು, ನಮ್ಮ ಟ್ಯಾಗನ್ನು ಅದರ ಸುತ್ತ ಹೊದಿಸಿದೆವು. ಜಾವಾಸ್ಕ್ರಿಪ್ಟ್ ಬಂದರೆ ಜಿಲ್ಲೆಗೆ ತಕ್ಕಂತೆ ಸೋಸಿ ತೋರಿಸುತ್ತದೆ. ಬಾರದಿದ್ದರೆ ಇಡೀ ಪಟ್ಟಿ ಇರುತ್ತದೆ, ಅರ್ಜಿಯಂತೂ ಹೋಗುತ್ತದೆ. ಕುಂಚಾವರಂ ಕಡೆಯ ಹುಡುಗಿಗೆ ಬೇಕಾದದ್ದು ಅದು. ಅರ್ಜಿಯ ಪೆಟ್ಟಿಗೆಗಳ ವಿಷಯದಲ್ಲಿ ನನ್ನ ನಿಲುವು ಅಂದಿನಿಂದ ಬದಲಾಗಿಲ್ಲ: ಬ್ರೌಸರು ಕೊಟ್ಟ ಪೆಟ್ಟಿಗೆ ಸಾಕಾಗುವ ಕಡೆ ಅದನ್ನು ಅಡಗಿಸಿ ನಮ್ಮದೊಂದನ್ನು ಮುಂದೆ ಒಡ್ಡಬಾರದು.

ಗೋಡೆಯ ಇನ್ನೊಂದು ಪಾಠ ಮಳಖೇಡದಿಂದ ಬಂತು. ಜಿಲ್ಲೆಯ ಹಳೆಯ ಸ್ಥಳಗಳ ಬಗ್ಗೆ ಕನ್ನಡದಲ್ಲಿ ಪುಟಗಳನ್ನು ಮಾಡುವ ಕೆಲಸ ಸಿಕ್ಕಿತ್ತು. ಸೇಡಂ ತಾಲ್ಲೂಕಿನ ಮಳಖೇಡ, ಚಿತ್ತಾಪುರ ತಾಲ್ಲೂಕಿನ ಸನ್ನತಿ, ನಮ್ಮ ಚಿಂಚೋಳಿಯ ವನ್ಯಜೀವಿಧಾಮ, ಚಂದ್ರಂಪಳ್ಳಿ ಜಲಾಶಯ. ಪ್ರತಿ ಸ್ಥಳಕ್ಕೂ ಚಿತ್ರ, ಶೀರ್ಷಿಕೆ, ಎರಡು ಸಾಲು ಇರುವ ಒಂದೊಂದು ಕಾರ್ಡ್. ಕಾರ್ಡಿನ ಕಾಂಪೊನೆಂಟನ್ನು ಒಂದು ಕಂಪನಿಯವರು ಸಿದ್ಧ ಮಾಡಿ ಕೊಟ್ಟಿದ್ದರು, ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಪರೀಕ್ಷಿಸಿದ್ದರು, ನೋಡಲು ನಿಜಕ್ಕೂ ಅಂದವಾಗಿತ್ತು. ಮಳಖೇಡದ ಕಾರ್ಡಿನಲ್ಲಿ ‘ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ’ ಎಂದು ತುಂಬಿದೆ. ಷ ಅಕ್ಷರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಷ್ಟು ಆಳಕ್ಕೆ ಇಳಿಯುವ ಅಕ್ಷರ ಇಂಗ್ಲಿಷಿನಲ್ಲಿ ಇಲ್ಲ. ಸಾಲಿನ ಎತ್ತರವನ್ನು ಬಿಗಿಯಾಗಿ ಇಟ್ಟು, ಮೀರಿದ್ದನ್ನು ಕತ್ತರಿಸು ಎಂದು ಒಳಗೇ ಬರೆದಿದ್ದರು. ಒತ್ತುಗಳ ಬುಡ ಕತ್ತರಿಸಿ ಹೋಗಿತ್ತು. ಕವಿರಾಜಮಾರ್ಗದ ನಾಡಿನ ರಾಜಧಾನಿಯ ಹೆಸರನ್ನು ಅದೇ ನಾಡಿನ ಪರದೆಯಲ್ಲಿ ಓದಲಾಗದ ಸ್ಥಿತಿ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರೊಬ್ಬರು ಕೇಳಿದರು, “ಇದೇನ್ರಿ ಸರ, ಅಕ್ಷರದ ಕಾಲ್ ಕಡದಾರಲ್ಲ?”

ಹೊರಗಿನಿಂದ ಸರಿಪಡಿಸೋಣವೆಂದರೆ ಗೋಡೆ ಬಿಡುವುದಿಲ್ಲ. ಹೊರಗಿನ ಸಿಎಸ್‌ಎಸ್ ನಿಯಮ ಶ್ಯಾಡೋ ಡಾಮಿನ ಒಳಗೆ ಹೊಗುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ಒಂದು ಪುಟದ ಬಣ್ಣ ಇನ್ನೊಂದರ ಕಾರ್ಡಿಗೆ ಹತ್ತದಿರಲೆಂದು ಕೊಟ್ಟ ರಕ್ಷಣೆ ಅದು, ಅದರ ಉಪಯೋಗವೂ ದೊಡ್ಡದು. ಆದರೆ ಕಟ್ಟುವವರು ಬೇಕಾದ ಕಡೆ ಕಿಂಡಿ ಬಿಟ್ಟಿರಬೇಕು. ಕಿಂಡಿ ಬಿಡಲು ದಾರಿಗಳಿವೆ: ಸಿಎಸ್‌ಎಸ್ ಕಸ್ಟಮ್ ಪ್ರಾಪರ್ಟಿ ಗೋಡೆ ದಾಟಿ ಒಳಗೆ ಹೋಗುತ್ತದೆ, ಪಾರ್ಟ್ ಎಂದು ಹೆಸರಿಟ್ಟ ಭಾಗಕ್ಕೆ ಹೊರಗಿನಿಂದ ಶೈಲಿ ಕೊಡಬಹುದು, ಸ್ಲಾಟ್ ಇಟ್ಟರೆ ಶೀರ್ಷಿಕೆಯನ್ನು ಹೊರಗಿನವರೇ ಬರೆದು ತೂರಿಸಬಹುದು. ಆ ಕಾರ್ಡಿನಲ್ಲಿ ಬಣ್ಣಕ್ಕೆ, ಮೂಲೆಯ ದುಂಡಿಗೆ, ನೆರಳಿಗೆ ಕಿಂಡಿಗಳಿದ್ದವು. ಸಾಲಿನ ಎತ್ತರಕ್ಕೆ ಇರಲಿಲ್ಲ. ಕನ್ನಡಕ್ಕೆ ಬೇಕಾದ ಒಂದೇ ಒಂದು ಕಿಂಡಿ ಅದಾಗಿತ್ತು.

ಫಾಂಟಿನ ಕಥೆಯೂ ಇದರ ಜೊತೆಗೇ ಬರಬೇಕು. ಕಾಂಪೊನೆಂಟ್ ತನ್ನ ಕನ್ನಡ ಫಾಂಟನ್ನು ತಾನೇ ತರಲೆಂದು ಫಾಂಟ್ ಫೇಸ್ ನಿಯಮವನ್ನು ಶ್ಯಾಡೋ ಡಾಮಿನ ಒಳಗೆ ಬರೆದರೆ ಬ್ರೌಸರು ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಫಾಂಟನ್ನು ಹೊರಗಿನ ಪುಟದಲ್ಲಿ ಒಮ್ಮೆ ಹೇಳಬೇಕು, ಆಗ ಒಳಗಿನ ಅಕ್ಷರವೂ ಅದನ್ನು ಪಡೆಯುತ್ತದೆ. ಒಂದು ಲೆಕ್ಕದಲ್ಲಿ ಇದೇ ಸರಿ: ಎಂಟು ಕಾರ್ಡಿದ್ದರೂ ಫಾಂಟ್ ಇಡೀ ಪುಟದ ಸ್ವತ್ತು.

ಈ ಅನುಭವದ ಮೇಲೆ ನನ್ನೊಳಗೆ ಒಂದು ಗೆರೆ ಬಿತ್ತು. ಅಕ್ಷರದ ಅಳತೆ, ಸಾಲಿನ ಎತ್ತರ, ಫಾಂಟು, ಭಾಷೆ, ಗುಂಡಿಯ ಅಗಲ ಇವೆಲ್ಲ ಬಳಸುವವರ ಕೈಗೆ ಸಿಗಬೇಕು. ‘ವಿದ್ಯಾರ್ಥಿವೇತನ’ ಎಂಬ ಒಂದೇ ಪದ ಇಂಗ್ಲಿಷ್ ಅಳತೆಯ ಗುಂಡಿಯಿಂದ ಆಚೆ ಚೆಲ್ಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಡವಳಿಕೆ ಮುಚ್ಚಿರಬೇಕು: ತಪ್ಪು ದಿನಾಂಕ ಬಿದ್ದರೆ ತಡೆಯುವುದು, ಕೀಲಿಮಣೆಯಿಂದಲೂ ಕೆಲಸ ಮಾಡುವುದು, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಹೆಸರು ಹೇಳುವುದು. ಇವುಗಳನ್ನು ಬಂದುಮಾಡುವ ಆಯ್ಕೆ ಯಾರಿಗೂ ಕೊಡಬೇಕಾಗಿಲ್ಲ.

ಆಯ್ಕೆಗಳು ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಫರ್ಸಿ ವ್ಯಾಪಾರದಲ್ಲಿ ಕಂಡೆ. ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ನೆಲದಡಿಯಲ್ಲಿ ಪದರ ಪದರವಾಗಿ ಸುಣ್ಣಕಲ್ಲು. ಅದೇ ಕಲ್ಲು ವಾಡಿಯಲ್ಲಿ, ಸೇಡಂನಲ್ಲಿ, ಮಳಖೇಡದಲ್ಲಿ ಸಿಮೆಂಟ್ ಆಗುತ್ತದೆ, ಶಹಾಬಾದಿನಲ್ಲಿ ಫರ್ಸಿ ಆಗಿ ಮನೆಗಳ ನೆಲಕ್ಕೆ ಹೋಗುತ್ತದೆ. ಕಲ್ಲಿನ ವ್ಯಾಪಾರಿಯೊಬ್ಬರಿಗೆ ಕಟ್ಟಿದ ಕಾರ್ಡಿಗೆ ನಾಲ್ಕು ಆಯ್ಕೆ: ಅಳತೆ, ದಪ್ಪ, ಪಾಲಿಶ್ ಆಗಿದೆಯೋ ಇಲ್ಲವೋ, ಚದರ ಅಡಿಗೆ ದರ. ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಅವರ ಬಂಧುಗಳು ತೊಗರಿಬೇಳೆಯ ವ್ಯಾಪಾರದವರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಅವರಿಗೂ ವೆಬ್‌ಸೈಟ್ ಬೇಕಾಯಿತು. ನಮ್ಮ ಜೊತೆಗಾರನೊಬ್ಬ ಅದೇ ಕಾರ್ಡಿಗೆ ಬೇಳೆಯನ್ನೂ ಸೇರಿಸಿದ. ಚಿತ್ರ, ಹೆಸರು, ದರ ಎರಡಕ್ಕೂ ಇದೆಯಲ್ಲ ಎಂಬುದು ಅವನ ವಾದ. ಕಿಲೋಗೆ ಒಂದು ಆಯ್ಕೆ ಬಂತು, ಗುರುತಿನ ಚಿಹ್ನೆಗೆ ಒಂದು, ದಪ್ಪ ಅಡಗಿಸಲು ಒಂದು, ಪಾಲಿಶ್ ಅಡಗಿಸಲು ಒಂದು, ಪ್ಯಾಕೆಟ್ಟಿನ ದಿನಾಂಕಕ್ಕೆ ಒಂದು. ಕಡೆಗೆ ಕಲ್ಲಿನ ಕಾರ್ಡಿನಲ್ಲಿ ಏನೋ ಸರಿಪಡಿಸಿದರೆ ಬೇಳೆಯ ಕಾರ್ಡ್ ಕೆಡುವ ಹಂತಕ್ಕೆ ಬಂದಾಗ ಎರಡನ್ನೂ ಬೇರೆ ಮಾಡಿದೆವು. ಬೇರೆ ಮಾಡಿದ ಮೇಲೆ ಎರಡರ ಕೋಡನ್ನೂ ಕೂಡಿಸಿದರೂ ಹಿಂದಿನ ಒಂದಕ್ಕಿಂತ ಕಡಿಮೆಯಿತ್ತು. ಎರಡು ವಸ್ತು ನೋಡಲು ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಕಾಂಪೊನೆಂಟಿನಲ್ಲಿ ತುಂಬಬಾರದು. ಬದಲಾಗುವ ಕಾರಣವೂ ಒಂದೇ ಆಗಿರಬೇಕು. ಫರ್ಸಿ ಹಾಸುವ ಮೇಸ್ತ್ರಿ ಕೋಣೆಯ ನಡುವೆ ಇಡಿಯ ಕಲ್ಲುಗಳನ್ನೇ ಇಡುತ್ತಾನೆ, ಗೋಡೆಯಂಚಿಗೆ ಬಂದಾಗ ಮಾತ್ರ ಅಳೆದು ಕತ್ತರಿಸುತ್ತಾನೆ. ಪ್ರತಿ ಕಲ್ಲನ್ನೂ ಕತ್ತರಿಸಬೇಕಾದ ಕೋಣೆಗೆ ಅವನು ಬೇರೆ ಅಳತೆಯ ಕಲ್ಲನ್ನೇ ತರಿಸುತ್ತಾನೆ.

ಇನ್ನು ಕಾಂಪೊನೆಂಟ್ ಬೇಡವೇ ಬೇಡ ಅನ್ನಿಸಿದ್ದು ಸನ್ನತಿಯ ಪುಟಕ್ಕೆ. ಭೀಮೆಯ ದಂಡೆಯ ಆ ಊರಿನಲ್ಲಿ ಗುಡಿಯೊಳಗೆ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಉಬ್ಬುಶಿಲ್ಪವೇ ಸಿಕ್ಕಿತು. ಅಂಥ ಪುಟ ಇನ್ನೊಂದು ಬರುವುದಿಲ್ಲ. ಚಿತ್ರವನ್ನು ಎಷ್ಟು ದೊಡ್ಡದಾಗಿ ಬಿಡಬೇಕು, ಮಾತು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಆ ಒಂದು ಪುಟಕ್ಕಾಗಿಯೇ ಕೂತು ಬರೆದೆ. ಒಂದೇ ಸಲ ಬರುವುದಕ್ಕೆ ಆಯ್ಕೆಗಳ ಪಟ್ಟಿ ಕಟ್ಟುವುದು ವ್ಯರ್ಥ ಶ್ರಮ.

ಆದರೆ ಎಲ್ಲಕ್ಕಿಂತ ಮುಖ್ಯ ಎಂದು ನಾನು ಎಣಿಸಿರುವ ಪ್ರಶ್ನೆ ಬೇರೆ: ನಾವು ಕಟ್ಟಿ ಹೋದ ಮೇಲೆ ಅದನ್ನು ನಡೆಸುವವರು ಯಾರು? 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಬಂದು ಬ್ಲಾಕ್‌ಗಳನ್ನು ತಂದಿತು. ಪುಟವನ್ನು ತುಂಡು ತುಂಡಾಗಿ ಜೋಡಿಸಬಹುದು, ಪ್ರತಿ ತುಂಡಿಗೂ ಬಣ್ಣ, ಅಗಲ, ಅಂಚು. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಸೂಚನಾ ಫಲಕದ ಪುಟ ನೋಡಿಕೊಳ್ಳುತ್ತಿದ್ದವರು ದ್ವಿತೀಯ ದರ್ಜೆ ಸಹಾಯಕರು, ಟೈಪಿಂಗಿನಲ್ಲಿ ಬಹಳ ಚುರುಕು. ಅವರಿಗೆ ಬೇಕಾದದ್ದು ಶೀರ್ಷಿಕೆ, ದಿನಾಂಕ, ಪಿಡಿಎಫ್. ಮೂರೇ. ಬಣ್ಣದ ಆಯ್ಕೆ ಕಂಡರೆ ಅವರು ಅದನ್ನೂ ತುಂಬಲೇಬೇಕು ಎಂದುಕೊಳ್ಳುತ್ತಿದ್ದರು, ಇಲಾಖೆಯ ಫಾರ್ಮ್ ತುಂಬಿ ಅಭ್ಯಾಸವಾದವರು ಯಾರಾದರೂ ಹಾಗೆಯೇ ಮಾಡುತ್ತಾರೆ. ಸೂಚನೆಯ ಬ್ಲಾಕಿನಲ್ಲಿ ಮೂರು ಬಿಟ್ಟು ಉಳಿದದ್ದಕ್ಕೆಲ್ಲ ಬೀಗ ಹಾಕಿದೆವು.

ಅದೇ ಬ್ಲಾಕಿಗೆ ಒಂದು ಕೆಲಸ ಹೆಚ್ಚಿಗೆ ಕೊಟ್ಟೆವು. ಕಚೇರಿಯ ಪತ್ರಗಳೆಲ್ಲ ಇದ್ದದ್ದು ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ. ಅದನ್ನು ಕಾಪಿ ಮಾಡಿ ಯೂನಿಕೋಡ್ ಪುಟಕ್ಕೆ ಅಂಟಿಸಿದರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತದೆ. ಅಂಟಿಸಿದ್ದು ನುಡಿಯ ಪಠ್ಯವಾಗಿದ್ದರೆ ಗುರುತಿಸಿ ಯೂನಿಕೋಡಿಗೆ ತಿರುಗಿಸುವ ಕೆಲಸವನ್ನು ಬ್ಲಾಕಿನೊಳಗೇ ಇಟ್ಟೆವು. ಕಾಂಪೊನೆಂಟ್ ಎಂಬುದು ನಿಜಕ್ಕೂ ಸಾರ್ಥಕವಾಗುವುದು ಇಂಥಲ್ಲಿ: ಕೆಲಸ ಕಠಿಣ, ಎಲ್ಲ ಪುಟಕ್ಕೂ ಬೇಕು, ಎಲ್ಲ ಕಡೆ ಒಂದೇ ರೀತಿ ನಡೆಯಬೇಕು. ಮೊದಲ ಸಲ ಅಂಟಿಸಿ ಕನ್ನಡ ಮೂಡಿದಾಗ ಆ ಸಹಾಯಕರು, “ಇನ್ನ ಮ್ಯಾಲ ನಿಮಗ ಫೋನ್ ಮಾಡೋದು ತಪ್ಪಿತ್ರಿ” ಎಂದರು. ಆ ವರ್ಷ ನನಗೆ ಸಿಕ್ಕ ದೊಡ್ಡ ಪ್ರಶಂಸೆ ಅದು.

ದೊಡ್ಡ ಮಟ್ಟದಲ್ಲಿ ಇದೇ ವಿಚಾರವನ್ನು ಕೇಂದ್ರ ಸರ್ಕಾರದ ಎನ್‌ಐಸಿಯವರು ಜಿಲ್ಲಾಡಳಿತಗಳ ವೆಬ್‌ಸೈಟುಗಳಿಗಾಗಿ ಮಾಡಿದ್ದಾರೆ. ಎಸ್‌ತ್ರೀವಾಸ್ ಎಂಬ ಏರ್ಪಾಡಿನಲ್ಲಿ ದೇಶದ ನಾನಾ ಜಿಲ್ಲೆಗಳ ಪುಟಗಳು ಒಂದೇ ಬಗೆಯ ತುಂಡುಗಳಿಂದ ಕಟ್ಟಿಕೊಳ್ಳುತ್ತವೆ. ಚೆಂದ ಎಲ್ಲ ಕಡೆ ಒಂದೇ ಥರ ಆಗಿಬಿಡುತ್ತದೆ ಎಂಬ ದೂರು ಕೇಳಿದ್ದೇನೆ. ನನಗೆ ಆ ದೂರು ಒಪ್ಪಿಗೆಯಾಗಿಲ್ಲ. ಟೆಂಡರು ಹುಡುಕುವ ಗುತ್ತಿಗೆದಾರನಿಗೂ ದೂರವಾಣಿ ಸಂಖ್ಯೆ ಹುಡುಕುವ ಮುದುಕನಿಗೂ ಬೀದರಿನಲ್ಲಿ ಇದ್ದ ಕಡೆಯೇ ಕಲಬುರಗಿಯಲ್ಲೂ ಅದು ಸಿಗುವುದು ಉಪಕಾರವೇ.

ಊರ ಶಾಲೆಗೋ ಸೊಸೈಟಿಗೋ ಪುಟ ಕಟ್ಟಿಕೊಡುವ ನಮ್ಮ ಭಾಗದ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಒಂದೇ. ಕಾಂಪೊನೆಂಟ್ ಮುಗಿದ ದಿನ ಅದನ್ನು ಬಳಸುವ ರೀತಿಯನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ: ಯಾವ ಆಯ್ಕೆ ಏನು ಮಾಡುತ್ತದೆ, ಯಾವುದನ್ನು ಮುಟ್ಟಬಾರದು, ಹೊಸ ಹೆಸರು ಸೇರಿಸುವುದು ಎಲ್ಲಿ. ಅದನ್ನು ಕಚೇರಿಯಲ್ಲಿ ದಿನವೂ ಆ ಪುಟ ತಿದ್ದುವವರ ಕೈಗೆ ಕೊಟ್ಟು, ನಿಮ್ಮೆದುರಿಗೇ ಒಂದು ಸಲ ಅವರಿಂದ ಮಾಡಿಸಿ. ಅವರು ಎಲ್ಲಿ ತಡೆದು ನಿಂತು ನಿಮ್ಮ ಮುಖ ನೋಡುತ್ತಾರೋ ಆ ಆಯ್ಕೆಯನ್ನು ತೆಗೆದುಹಾಕಿ.